ಇಂಜೆಕ್ಷನ್ ಚುಚ್ಚಿಸಿಕೊಂಡೆ, ಅಜ್ಜ ಬಂದರು

ನನ್ನ ಗಂಟಲಲ್ಲಿ ಅರ್ಧ ಕೊಪ್ಪ ಪೇಟೆ ವಾಸವಾಗಿದೆ. ಒಂದೇ ಉಸಿರಿಗೆ ‘ಶೃಂಗೇರಿ ಶೃಂಗೇರಿ ಶೃಂಗೇರಿ’ ಎಂದು ಕೂಗುವ ಬಸ್ ಏಜೆಂಟ್, ಮೀನಿನ ಸ್ಕೂಟರಿನ ಹಾರ್ನ್, ಗಿರಾಕಿಯ ಎದುರು ಜೇನಿನಂತೆಯೂ ನನ್ನ ಎದುರು ಗರಗಸದಂತೆಯೂ ಮಾತಾಡುವ ನಮ್ಮ ಪೈಪಿನ ಅಂಗಡಿ ಸಾಹುಕಾರರು, ಎಲ್ಲರೂ ಬಾಡಿಗೆ ಇಲ್ಲದೆ ಒಳಗಿದ್ದಾರೆ. ಹಗಲು ಪೈಪು ಮಾರುತ್ತೇನೆ, ಬಿಡುವಾದಾಗ ಆರತಕ್ಷತೆ, ಶಾಲಾ ವಾರ್ಷಿಕೋತ್ಸವಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಭಂಡಿಗಡಿಯ ಸುಮಂತ ಎಂದರೆ ಜನ ನಗಲು ಮೊದಲೇ ಬಾಯಿ ತೆರೆದಿಟ್ಟುಕೊಳ್ಳುತ್ತಾರೆ.

ನನ್ನ ಮಾಸ್ಟರ್ ಪೀಸ್ ಮಾತ್ರ ನಮ್ಮ ಅಜ್ಜ. ಅವರು ತೀರಿಕೊಂಡು ವರ್ಷಗಳಾದವು. ಹಾಲ್‌ನಲ್ಲಿ ಅವರ ಫೋಟೋ ಇದೆ: ನೆತ್ತಿಯವರೆಗೂ ಹಣೆ, ಭುಜದೊಳಗೆ ಹೂತ ಕುತ್ತಿಗೆ, ‘ಯಾರಾ ಅದು?’ ಎಂದು ಈಗಲೇ ಗದರುವಂಥ ಕಣ್ಣು. ಸಿಟ್ಟು ಬಂದರೆ ಊಟದ ತಟ್ಟೆ ಅಂಗಳ ದಾಟಿ ಬೀಳುತ್ತಿತ್ತಂತೆ. ನೆಂಟರು ಸೇರಿದಾಗಲೆಲ್ಲ ‘ಅಜ್ಜನ ದನಿ ಮಾಡಾ’ ಎನ್ನುತ್ತಾರೆ. ನಾನು ಮಾಡುತ್ತೇನೆ. ಎಲ್ಲರೂ ನಗುತ್ತಾರೆ. ಅಜ್ಜಿ ಮಾತ್ರ ನಗುವುದಿಲ್ಲ.

ತೊಂದರೆ ಶುರುವಾದದ್ದು ಶೃಂಗೇರಿಯ ಒಂದು ಆರತಕ್ಷತೆಯಲ್ಲಿ. ನನ್ನ ಕಡ್ಡಿ ಮೈಯಿಂದ ದೈತ್ಯ ವಿಲನ್ ಒಬ್ಬನ ದನಿ ತೆಗೆದು ಗರ್ಜಿಸುತ್ತಿದ್ದೆ. ಹಿಂದಿನ ಸಾಲಿನಿಂದ ಯಾರೋ ಕೇಳಿದರು: “ಮಾತಾಡ್ತಿರೋದು ಮೈಕ್ ಸ್ಟ್ಯಾಂಡಾ, ಅದರ ಪಕ್ಕದಲ್ಲಿರೋದಾ?”

ನಗು ಬಂತು, ಆದರೆ ಅದು ನಾನು ಬರಿಸಿದ ನಗುವಲ್ಲ!

ಮರುದಿನವೇ ಪೇಟೆಯ ಒಂದು ಜಿಮ್‌ಗೆ ಸೇರಿದೆ. ಅಲ್ಲಿನ ಕೋಚ್‌ಗೆ ಕುತ್ತಿಗೆಯೇ ಇರಲಿಲ್ಲ. ತಲೆಯನ್ನು ನೇರವಾಗಿ ಹೆಗಲ ಮೇಲೆ ಇಟ್ಟಂತಿತ್ತು. ಕೆಲವು ವಾರ ಕಬ್ಬಿಣ ಎತ್ತಿದೆ, ಮೊಟ್ಟೆ ತಿಂದೆ. ಕಬ್ಬಿಣ ಹಗುರಾಗಲಿಲ್ಲ, ನಾನು ಭಾರವಾಗಲಿಲ್ಲ. ಕೋಚ್ ನನ್ನನ್ನು ಒಳಕೋಣೆಗೆ ಕರೆದು ಸಣ್ಣ ಫ್ರಿಜ್ ತೆರೆದ.

“ವಾರಕ್ಕೊಂದು ಇಂಜೆಕ್ಷನ್, ದಿನಾ ಮಾತ್ರೆ. ವಿಟಮಿನ್ ತರಾನೇ.”

“ತರಾನೇ ಅಂದ್ರೆ ಎಂತ? ವಿಟಮಿನ್ನಾ ಅಲ್ವಾ?”

“ಸ್ಟೀರಾಯ್ಡ್ ಮಾರಾಯ. ರೇಸ್ ಕುದುರೆಗೂ ಕೊಡ್ತಾರೆ. ಯಾವ ಕುದುರೆನಾದ್ರೂ ಬಂದು ಕಂಪ್ಲೇಂಟ್ ಮಾಡಿದ್ದು ಕೇಳಿದೀಯಾ?”

ಕೇಳಿರಲಿಲ್ಲ. ಇಷ್ಟು ಗಟ್ಟಿಯಾದ ವೈದ್ಯಕೀಯ ಪುರಾವೆ ಸಿಕ್ಕ ಮೇಲೆ ವಿದ್ಯಾವಂತನಾದ ನಾನು ಇನ್ನೇನು ವಿಚಾರಿಸಲಿ? ಪ್ಯಾಂಟ್ ಸಡಿಲಿಸಿ ತಿರುಗಿ ನಿಂತೆ.

ಮೈ ಬಂತು. ಬೆಲ್ಲ ಹಾಕಿದ ದೋಸೆ ಹಿಟ್ಟಿನ ಹಾಗೆ ಉಕ್ಕಿಬಂತು. ಅಂಗಿಯ ತೋಳು ಬಿರಿಯಿತು. ಸಾಹುಕಾರರು ನನಗೆ ಬಹುವಚನ ಕೊಡತೊಡಗಿದರು. ನಾನು ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಜಾಸ್ತಿಯಾಯಿತು.

ನಮ್ಮ ಮನೆಯ ಕನ್ನಡಿ ಇರುವುದು ಅಜ್ಜನ ಫೋಟೋದ ಎದುರಿಗೆ. ಕನ್ನಡಿ ನೋಡಿದರೆ ಮುಂದೆ ನಾನು, ಹಿಂದೆ ಅಜ್ಜ. ಒಂದು ಬೆಳಿಗ್ಗೆ ತಲೆ ಬಾಚುವಾಗ ಬಾಚಣಿಗೆಯ ತುಂಬ ಕೂದಲು ಬಂತು. ಹಣೆ ಮೇಲಕ್ಕೆ ಸರಿದಿತ್ತು. ಮುಖ ಊದಿತ್ತು. ಕುತ್ತಿಗೆ ಹೆಗಲೊಳಗೆ ಇಳಿದಿತ್ತು. ಕನ್ನಡಿಯಲ್ಲಿ ಎರಡು ಮುಖ ಕಾಣುತ್ತಿದ್ದವು, ಎರಡೂ ಒಂದೇ ಥರ. ಅದರಲ್ಲಿ ಹಾರ ಹಾಕಿಕೊಂಡಿರುವುದು ನಾನಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಎದೆ ಮುಟ್ಟಿ ನೋಡಿಕೊಂಡೆ.

ಹಾರ ಇರಲಿಲ್ಲ. ಮೊಲೆತೊಟ್ಟಿನ ಕೆಳಗೆ ಒಂದು ಗಂಟು ಕೈಗೆ ಸಿಕ್ಕಿತು. ಮುಟ್ಟಿದರೆ ನೋವು.

ಕೋಚ್‌ಗೆ ಹೇಳಿದೆ. “ಅದಕ್ಕೂ ಮಾತ್ರೆ ಇದೆ” ಎಂದ. ಅವನ ಫ್ರಿಜ್‌ನಲ್ಲಿ ಇಲ್ಲದ್ದು ಯಾವುದೂ ಇರಲಿಲ್ಲ, ಐಸ್ ಒಂದು ಬಿಟ್ಟು.

ಆಮೇಲೆ ನಮ್ಮ ನಾಯಿ ಕರಿಯ ನನ್ನನ್ನು ನೋಡಿ ಹಿಂದೆ ಸರಿಯತೊಡಗಿತು. ಬೊಗಳುತ್ತಿರಲಿಲ್ಲ. ಬಾಲ ಮಡಚಿ, ನನ್ನ ಹೆಗಲಿನ ಆಚೆ ಯಾರೋ ನಿಂತಿರುವ ಹಾಗೆ ನೋಡುತ್ತಿತ್ತು. ನಾನೂ ತಿರುಗಿ ನೋಡುತ್ತಿದ್ದೆ. ಭಾನುವಾರ ಮಧ್ಯಾಹ್ನ ಉಂಡು ಮಲಗಿದರೆ ಯಾರೋ ಬಾಗಿಲು ತಟ್ಟಿದಂತಾಗುತ್ತಿತ್ತು. ಎದ್ದು ತೆಗೆದರೆ ಅಂಗಳದಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ. ಮತ್ತೆ ಮಲಗಿದರೆ ಮತ್ತೆ ಧಡ್, ಧಡ್. ದಿಂಬಿಗೆ ಕಿವಿ ಒತ್ತಿದಾಗ ಗೊತ್ತಾಯಿತು, ತಟ್ಟುತ್ತಿದ್ದದ್ದು ನನ್ನದೇ ಎದೆ. ಒಳಗಿನಿಂದ ಯಾರೋ ಹೊರಗೆ ಬರಬೇಕು ಎನ್ನುತ್ತಿದ್ದ ಹಾಗಿತ್ತು.

ಅವರು ಹೊರಗೆ ಬಂದದ್ದು ಒಂದು ದೋಸೆಯ ನೆಪದಲ್ಲಿ.

ಅಮ್ಮ ಹಾಕಿದ ದೋಸೆ ಸ್ವಲ್ಪ ಮೆತ್ತಗಿತ್ತು, ಅಷ್ಟೆ. ನನ್ನ ಕಣ್ಣು ಕೆಂಪಾಯಿತು. ತಟ್ಟೆ ಅಂಗಳ ದಾಟಿ ಬಿತ್ತು. “ಇದನ್ನು ಯಾರು ತಿಂತಾರೆ? ಎಮ್ಮೆಗೆ ಹಾಕು!” ಎಂಬ ಗರ್ಜನೆ ಕೇಳಿತು. ಹೌದು, ಕೇಳಿತು. ಅದು ಅಜ್ಜನ ದನಿ. ನಾನು ಮಾಡಿದ್ದಲ್ಲ! ಮಿಮಿಕ್ರಿಯವನಿಗೆ ತಾನು ದನಿ ತೆಗೆಯುವಾಗ ಗಂಟಲಲ್ಲಿ ಒಂದು ಹಿಡಿತ ಗೊತ್ತಾಗುತ್ತದೆ. ಆವತ್ತು ಯಾವ ಹಿಡಿತವೂ ಇರಲಿಲ್ಲ. ಒಡೆದು ಗೊಗ್ಗರಾದ ದನಿ ತಾನಾಗಿಯೇ ಬಂದಿತ್ತು.

ಅಮ್ಮ ಸೌಟು ಕೆಳಗಿಟ್ಟು ಕೈ ಮುಗಿದಳು.

“ಮಾವಯ್ಯಾ, ತಪ್ಪಾಯ್ತು.”

ಅಪ್ಪ ಜಗುಲಿಯಿಂದ ಬಂದವರು ನನ್ನ ಮುಖ ನೋಡಿದರು, ಫೋಟೋ ನೋಡಿದರು, ಎತ್ತಿ ಕಟ್ಟಿದ್ದ ಲುಂಗಿಯನ್ನು ಗೌರವದಿಂದ ಇಳಿಬಿಟ್ಟರು. “ಹೋದ ವರ್ಷ ಎಡೆ ಸರಿಯಾಗಿ ಇಟ್ಟಿರ್ಲಿಲ್ಲ. ಅದಕ್ಕೇ ಬಂದಿದಾರೆ” ಎಂದು ಪಿಸುಗುಟ್ಟಿದರು. ಸತ್ತ ಹಿರಿಯರಿಗೆ ಹಬ್ಬದ ದಿನ ಅವರಿಗಿಷ್ಟವಾದದ್ದನ್ನು ಎಲೆಯಲ್ಲಿ ಇಡುವುದು ನಮ್ಮ ಕಡೆ ಪದ್ಧತಿ. ಅದರಲ್ಲಿ ಕೊರತೆಯಾದರೆ ಹಿರಿಯರು ಯಾರಾದರೂ ಒಬ್ಬರ ಮೈಮೇಲೆ ಬಂದು ಕೇಳಿಯೇ ಕೇಳುತ್ತಾರೆ ಎಂಬ ನಂಬಿಕೆಯೂ ಉಂಟು.

ಇಲ್ಲಿ ನಾನು ‘ಅಪ್ಪಾ, ಇದು ಇಂಜೆಕ್ಷನ್’ ಎಂದು ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ ಕೂಡ. ಆದರೆ ಜೀವಮಾನದಲ್ಲೇ ಮೊದಲ ಸಲ ಅಪ್ಪ ನನ್ನ ಮುಂದೆ ಕೈಕಟ್ಟಿ ನಿಂತಿದ್ದರು. ಇಂಥ ಪ್ರೇಕ್ಷಕರನ್ನು ಯಾವ ಕಲಾವಿದ ಬಿಡುತ್ತಾನೆ?

“ಮೊಟ್ಟೆ ಬೇಕು” ಎಂದೆ, ಅಜ್ಜನ ದನಿಯಲ್ಲಿ. “ಬೇಯಿಸಿದ್ದು. ದಿನಾ. ಹಳದಿ ಬೇಡ, ಬಿಳೀದು ಮಾತ್ರ.”

ಅಮ್ಮನಿಗೆ ಅನುಮಾನ ಬಂತು. “ಮಾವಯ್ಯ ಕಡುಬು, ಕೋಳಿಸಾರು ಕೇಳ್ತಿದ್ರಲ್ದಾ? ಹಳದಿ ಯಾವಾಗ ಬಿಟ್ರು?”

“ಮೇಲೆ ಹೋದ ಮೇಲೆ ಪಥ್ಯ ಇರ್ಬೋದು. ನೀ ಬೇಯಿಸೆ” ಎಂದರು ಅಪ್ಪ.

ಹೀಗೆ ಸ್ವರ್ಗಸ್ಥರ ಪ್ರೋಟೀನ್ ವ್ಯವಸ್ಥೆ ಸಾಂಗವಾಗಿ ನೆರವೇರತೊಡಗಿತು. ಆದರೆ ಒಂದು ವಿಷಯ ನಾನು ಯಾರಿಗೂ ಹೇಳಲಿಲ್ಲ. ನಾನು ಬೇಕೆಂದು ಮಾಡಿದ ಅಜ್ಜ ಕಡಿಮೆ, ತಾನಾಗಿ ಬಂದ ಅಜ್ಜನೇ ಹೆಚ್ಚು. ಅಂಗಡಿಯಲ್ಲಿ ಪೈಪಿನ ಅಳತೆ ಎರಡು ಸಲ ಕೇಳಿದ ಗಿರಾಕಿಯ ಕಾಲರ್ ಹಿಡಿದಿದ್ದೆ. ಬಿಟ್ಟ ಮೇಲೆ ಕೈ ನೋಡಿಕೊಂಡೆ. ದಪ್ಪ ಕೈ, ಉಬ್ಬಿದ ನರ. ನನ್ನ ಕೈ ಹಾಗಿರಲಿಲ್ಲ. ಅದನ್ನು ಯಾರದೋ ಸಾಮಾನು ಎಂಬಂತೆ ಟೇಬಲ್ಲಿನ ಮೇಲೆ ಇಟ್ಟು ಕೂತೆ.

ಸುದ್ದಿ ಮೂರು ತಾಲೂಕು ಸುತ್ತಿತು. ಅಮಾವಾಸ್ಯೆಯ ಮಧ್ಯಾಹ್ನ ಶೃಂಗೇರಿ ಕಡೆಯ ಬೇಗಾರಿನಿಂದ ಚಿಕ್ಕಪ್ಪ, ನರಸಿಂಹರಾಜಪುರದಿಂದ ಅತ್ತೆ ಹಾಜರಾದರು, ಅಜ್ಜನಲ್ಲಿ ಪ್ರಶ್ನೆ ಕೇಳಲು. ನನ್ನನ್ನು ಮಣೆಯ ಮೇಲೆ ಕೂರಿಸಿ, ಹೆಗಲಿಗೆ ಅಜ್ಜನ ಹಳೇ ಕಂಬಳಿ ಹೊದೆಸಿದರು. ಕಿಟಕಿ ಮುಚ್ಚಿದರು. ಧೂಪದ ಹೊಗೆ ಎದ್ದಿತು. ಮೂಲೆಯಲ್ಲಿ ಅಜ್ಜಿ ಅವರೆಕಾಳು ಸುಲಿಯುತ್ತ ಕೂತಿದ್ದಳು. ಈ ಎಲ್ಲ ದಿನಗಳಲ್ಲಿ ಅವಳು ಒಂದು ಮಾತೂ ಆಡಿರಲಿಲ್ಲ.

“ಅಪ್ಪಯ್ಯ, ಬೋರ್‌ವೆಲ್ ಎಲ್ಲಿ ಹೊಡೆಸ್ಲಿ?” ಎಂದರು ಚಿಕ್ಕಪ್ಪ.

“ಹಲಸಿನ ಮರದ ಬುಡ!”

“ನೋಡಿ, ಹಲಸಿನ ಮರ ಇರೋದು ಗೊತ್ತವ್ರಿಗೆ!” ಎಂದರು ಅತ್ತೆ ಕಣ್ಣೊರೆಸಿಕೊಂಡು. ಮಲೆನಾಡಿನಲ್ಲಿ ಹಲಸಿನ ಮರ ಇಲ್ಲದ ತೋಟ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಆಗ ಹೊಗೆ ನನ್ನ ಎದೆಯಲ್ಲಿ ಸಿಕ್ಕಿಕೊಂಡಿತು. ಧಡ್ ಧಡ್ ಎನ್ನುತ್ತಿದ್ದದ್ದು ಒಮ್ಮೆಲೇ ತಾಳ ತಪ್ಪಿತು. ತಲೆಯನ್ನು ಎರಡೂ ಕಡೆಯಿಂದ ಯಾರೋ ಹಿಂಡಿದಂತಾಯಿತು. ಮೂಗಿನಿಂದ ಬೆಚ್ಚಗೆ ಏನೋ ಇಳಿದು ತುಟಿಗೆ ಬಂತು. ಉಪ್ಪುಪ್ಪು. ಎದುರಿನವರ ಮುಖಗಳು ಹೊಗೆಯಲ್ಲಿ ಕರಗಿ ಬರೀ ಮುಗಿದ ಕೈಗಳು ಉಳಿದವು.

“ರಕ್ತ! ಪೂರ್ತಿ ಬಂದ್ರು ನೋಡಿ” ಎಂದರು ಚಿಕ್ಕಪ್ಪ.

ನಾಟಕ ಬಿಟ್ಟೆ. ನನ್ನ ಸ್ವಂತ ದನಿಯಲ್ಲಿ ಹೇಳಿದೆ: “ಅಪ್ಪಾ, ಆಗ್ತಾ ಇಲ್ಲ. ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ.”

ಅತ್ತೆ ಅಚ್ಚರಿಯಿಂದ ಕೆನ್ನೆಗೆ ಕೈಯಿಟ್ಟರು.

“ಅಬ್ಬಾ! ಮೊಮ್ಮಗನ ದನಿ ಮಾಡ್ತಿದಾರೆ! ಥೇಟ್ ಸುಮಂತನೇ!”

“ಅಪ್ಪಯ್ಯನಿಗೂ ಈ ವಿದ್ಯೆ ಇತ್ತಾ? ಹಾಗಾದ್ರೆ ಹುಡ್ಗನಿಗೆ ಅಲ್ಲಿಂದ್ಲೇ ಬಂದದ್ದು” ಎಂದರು ಚಿಕ್ಕಪ್ಪ.

“ನಾನೇ! ನಾನು ಸುಮಂತ! ಇಂಜೆಕ್ಷನ್... ಇಂಜೆಕ್ಷನ್ ಚುಚ್ಚಿದಾರೆ...”

“ಸಾಯೋ ಮುಂಚೆ ಆಸ್ಪತ್ರೆಯೋರು ಚುಚ್ಚಿದ್ದು. ಇನ್ನೂ ಮರ್ತಿಲ್ಲ ಪಾಪ” ಎಂದು ಅಮ್ಮ ಬಿಕ್ಕಿದಳು. ಅಪ್ಪ ನನ್ನ ಕಾಲಿಗೆ ಬಿದ್ದರು. ಮೈಮೇಲೆ ಬಂದವರನ್ನು ನಡುವೆ ಎಬ್ಬಿಸಬಾರದು ಎಂದು ಯಾರೋ ಬಾಗಿಲ ಚಿಲಕವನ್ನೂ ಹಾಕಿದರು.

ನಾನು ಎಷ್ಟೋ ಜನರ ದನಿ ತೆಗೆದಿದ್ದೇನೆ, ಎಷ್ಟೋ ಜನರನ್ನು ಆಡಿಕೊಂಡಿದ್ದೇನೆ. ಆದರೆ ನನ್ನ ದನಿಯನ್ನು ನಾನೇ ತೆಗೆದಾಗ ಹೆತ್ತವರೂ ಅದನ್ನು ಮಿಮಿಕ್ರಿ ಎಂದುಕೊಂಡರಲ್ಲ! ಕಂಬಳಿಯ ಒಳಗೆ ಮೈ ತಣ್ಣಗಾಗುತ್ತಿತ್ತು. ಅಜ್ಜನನ್ನು ನೋಡಲು ಬಂದವರ ಮುಂದೆ ನಾನು ಸದ್ದಿಲ್ಲದೆ ಸಾಯಲಿದ್ದೇನೆ, ಅವರು ಚೆನ್ನಾಗಿತ್ತು ಎನ್ನಲಿದ್ದಾರೆ, ಎಂಬುದು ಸ್ಪಷ್ಟವಾಗಿ ಕಂಡಿತು. “ಅಮ್ಮಾ, ಡಾಕ್ಟ್ರು” ಎಂದು ಅಳತೊಡಗಿದೆ.

ಮೂಲೆಯಲ್ಲಿ ಅವರೆಕಾಳಿನ ಮೊರ ನೆಲಕ್ಕೆ ಕುಟ್ಟಿದ ಸದ್ದಾಯಿತು.

“ಸಾಕು ಮಾಡ್ರಾ!” ಅಜ್ಜಿ ಎದ್ದು ನಿಂತಿದ್ದಳು. “ನಮ್ಮನೆಯವ್ರು ಕಾಲು ಮುರ್ಕೊಂಡಾಗ್ಲೂ ಆಸ್ಪತ್ರೆ ಬೇಡ ಅಂದೋರು. ಸಾಯೋ ದಿನಾನೂ ಡಾಕ್ಟ್ರಿಗೆ ಬೈದೇ ಸತ್ತೋರು. ಡಾಕ್ಟ್ರು ಬೇಕು ಅಂತ ಅವ್ರು ಹೀಗೆ ಗೊಳೋ ಅಂತ ಅಳ್ತಾರಾ? ಇಷ್ಟು ಪುಕ್ಕಲ ನಮ್ಮನೇಲಿ ಒಬ್ಬನೇ ಇರೋದು. ಇದು ನಮ್ಮ ಹುಡ್ಗನೇ. ಎತ್ರಾ ಅವನ್ನ!”

ಜೀವ ಉಳಿಸಿದ ಮಾತು ಇದು. ಇದಕ್ಕಿಂತ ಮರ್ಯಾದೆಯ ಮಾತಿನಿಂದಲೂ ಉಳಿಸಬಹುದಿತ್ತು.

ಚಿಕ್ಕಪ್ಪನ ಓಮ್ನಿಯಲ್ಲಿ ಕೊಪ್ಪಕ್ಕೆ ಒಯ್ದರು. ಡಾಕ್ಟರಮ್ಮ ಬಿಪಿ ಪಟ್ಟಿ ಸುತ್ತಿದರು. ಮೀಟರ್ ನೋಡಿದರು, ನನ್ನನ್ನು ನೋಡಿದರು, ಪಟ್ಟಿ ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿದರು. ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಬೆನ್ನ ಮೇಲಿನ ಕೀವುಗುಳ್ಳೆ, ಎದೆಯ ಗಂಟು, ಕೂದಲು ಉದುರಿದ ತಲೆ ಎಲ್ಲವನ್ನೂ ಪರೀಕ್ಷಿಸಿ ಒಂದೇ ಪ್ರಶ್ನೆ ಕೇಳಿದರು: “ಯಾವ ಜಿಮ್ಮು?”

ಮೂರು ತಾಲೂಕಿನ ನೆಂಟರ ಸಮ್ಮುಖದಲ್ಲಿ ಎಲ್ಲ ಹೇಳಿದೆ.

“ನೋಡಪ್ಪ” ಎಂದರು ಅವರು, ಬೈಯದೆ. ಅದಕ್ಕೇ ಹೆಚ್ಚು ಹೆದರಿಕೆಯಾದದ್ದು. “ರಕ್ತ ಮಂದ ಆಗಿರುತ್ತೆ. ಬಿಪಿ ಏರಿ ಹೃದಯ ಒದ್ದಾಡ್ತಾ ಇದೆ. ಲಿವರ್ ಟೆಸ್ಟ್ ಮಾಡಿಸ್ಬೇಕು. ಇನ್ನೂ ಒಂದು ಗಂಟೆ ಆ ಹೊಗೆಯಲ್ಲಿ ಕೂತಿದ್ರೆ ನನ್ನ ಹತ್ರ ಬರೋ ಅಗತ್ಯ ಇರ್ತಿರ್ಲಿಲ್ಲ. ಸಿಟ್ಟು, ನಿದ್ದೆಗೇಡು ಎಲ್ಲ ಆ ಸ್ಟೀರಾಯ್ಡಿನದ್ದೇ.”

“ಹಾಗಾದ್ರೆ ದೋಸೆ ಎಸೆದದ್ದು ನಮ್ಮ ಮಾವ ಅಲ್ವಾ?” ಎಂದಳು ಅಮ್ಮ.

“ಅಲ್ಲಮ್ಮ. ಇನ್ನೊಂದಿದೆ. ಗಂಡಸಿನ ಹಾರ್ಮೋನು ಹೊರಗಿಂದ್ಲೇ ಬರ್ತಾ ಇದೆ ಅಂತ ಇವನ ಮೈ ತನ್ನ ತಯಾರಿಕೆ ನಿಲ್ಲಿಸಿಬಿಟ್ಟಿದೆ. ವೃಷಣ ಸಣ್ಣದಾಗಿದೆ. ಮತ್ತೆ ಸರಿಯಾಗೋಕೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಪೂರ್ತಿ ಸರಿಯಾಗೋದೂ ಇಲ್ಲ. ಎದೆಯ ಗಂಟು ಕರಗದಿದ್ರೆ ಆಪರೇಷನ್.”

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದರು. ನರಸಿಂಹರಾಜಪುರಕ್ಕೆ ಈ ಸುದ್ದಿ ಅವರಿಗಿಂತ ಮೊದಲೇ ತಲುಪಿತೆಂದು ಆಮೇಲೆ ತಿಳಿಯಿತು. ಗಂಡಸಾಗಿ ಕಾಣಲು ಹೋದವನ ಗಂಡಸುತನದ ಸ್ಥಿತಿಗತಿ ಹೀಗೆ ಸಾರ್ವಜನಿಕರ ಮಾಹಿತಿಗಾಗಿ ಪ್ರಕಟವಾಯಿತು!

ಹೃದಯದ ಸ್ಕ್ಯಾನಿಂಗ್ ಶಿವಮೊಗ್ಗದಲ್ಲಾಯಿತು. ನಾನು ಬದುಕಿಕೊಂಡೆ. ಇಂಜೆಕ್ಷನ್ ನಿಂತ ಮೇಲೆ ಬಂದ ದಿನಗಳು ಇನ್ನೂ ಕೆಟ್ಟವು. ಡಾಕ್ಟರಮ್ಮ ಮೊದಲೇ ಎಚ್ಚರಿಸಿದ್ದರು, ಮನಸ್ಸು ಕುಸಿಯುತ್ತದೆ, ಒಬ್ಬನೇ ಕೂರಬೇಡ, ಬಂದು ಹೇಳು ಎಂದು. ಹೋಗಿ ಹೇಳುತ್ತಲೂ ಇದ್ದೇನೆ. ಉಕ್ಕಿದ ಮೈ ಇಳಿಯಿತು. ಎದೆಯ ಗಂಟು ಮಾತ್ರ ಹಾಗೇ ಉಳಿಯಿತು, ಹಾಗಾಗಿ ಈಗ ನಾನು ಹಳೇ ಮೈಕ್ ಸ್ಟ್ಯಾಂಡೇ, ಆದರೆ ಬನಿಯನ್ ಹಾಕಿ ಬಾಗಿಲಿಗೆ ಬರಲು ನಾಚುವ ಮೈಕ್ ಸ್ಟ್ಯಾಂಡು.

ಮೊನ್ನೆ ಜಗುಲಿಯಲ್ಲಿ ಅಜ್ಜಿಯ ಪಕ್ಕ ಕೂತಿದ್ದೆ. ಆ ಮೊದಲ ಗರ್ಜನೆ ಇನ್ನೂ ತಲೆಯಲ್ಲಿತ್ತು. ಅದನ್ನು ಮತ್ತೆ ತೆಗೆಯಲು ಎಷ್ಟೋ ಸಲ ಯತ್ನಿಸಿದ್ದೇನೆ, ಬಂದಿಲ್ಲ.

“ಅಜ್ಜೀ, ನಿಜ ಹೇಳು. ಅಜ್ಜ ಒಂದು ಸಲನಾದ್ರೂ ಬಂದಿರ್ಲಿಲ್ವಾ?”

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಬಂದಿರ್ತಾರೆ ಮಗಾ. ಆ ದೋಸೆ ದಿನ ಬಂದಿದ್ರು ಅಂತ್ಲೇ ನಂಗನಿಸ್ತದೆ. ಒಳಗೆ ನಿನ್ನ ಅವಸ್ಥೆ ನೋಡಿ, ಇದು ವಾಸಕ್ಕೆ ಯೋಗ್ಯ ಅಲ್ಲ ಅಂತ ವಾಪಸ್ ಹೋಗಿರ್ತಾರೆ.”

ಸತ್ತವರೂ ಬೇಡವೆಂದು ಬಿಟ್ಟುಹೋದ ಮೈಯಲ್ಲಿ, ಸದ್ಯಕ್ಕೆ ನಾನೊಬ್ಬನೇ ವಾಸವಾಗಿದ್ದೇನೆ!