ಒಳಗೆ ಸಿಕ್ಕಿಕೊಂಡ ಟಿಕೆಟ್ ಮಾಸ್ತರು

ಎಲ್ಲ ರಗಳೆಗೂ ಮೂಲ ಬಾಗಿಲಿನ ಅಡಿಯ ಸಂದು. ಅದು ಬೆರಳು ತೂರುವಷ್ಟೂ ಇರಲಿಲ್ಲ. ಟಿಕೆಟ್ ಮಾಸ್ತರು ಅದನ್ನು ನೋಡಲೇ ಇಲ್ಲ. ಕನಸು ಕಾಣುವವರು ಬಾಗಿಲಿನ ಅಡಿಯನ್ನೆಲ್ಲಿ ನೋಡುತ್ತಾರೆ?

ಮಾಸ್ತರು ರೈಲು ನಿಲ್ದಾಣದ ಟಿಕೆಟ್ ಕಿಟಕಿಯ ಹಿಂದೆ ಕೂತು ಆಯುಷ್ಯ ಸವೆಸಿದವರು. ಊರಿಗೆ ಊರೇ ಆ ತೂತಿಗೆ ಬಾಯಿಟ್ಟು ಮಾತಾಡಿದ್ದನ್ನು ಕೇಳಿ ಕೇಳಿ ಅವರ ಕಿವಿ ಮರಗಟ್ಟಿತ್ತು. ನಿವೃತ್ತಿಯಾದ ಮೇಲೆ ಬೇಕಾಗಿದ್ದದ್ದು ಇಷ್ಟೇ: ಬಾಗಿಲು ಮುಚ್ಚಿಕೊಂಡು, ಯಾರ ಮಾತೂ ಇಲ್ಲದೆ, ತಮ್ಮ ಪಾಡಿಗೆ ತಾವು ಒಂದು ಮರದ ದೋಣಿ ಮಾಡುವುದು. ಈ ಊರಲ್ಲಿ ದೋಣಿ ತೇಲುವಷ್ಟು ನೀರೆಲ್ಲಿದೆ ಎಂದು ಹೆಂಡತಿ ಕೇಳಿದ್ದಳು.

"ತೇಲೋದಕ್ಕಲ್ಲ ಕಣೇ, ಸುಮ್ನೆ ಕೂತ್ಕೊಳ್ಳೋದಕ್ಕೆ," ಎಂದಿದ್ದರು.

ಹಳೇ ಕಾರು ಮಾರಿ, ಗ್ಯಾರೇಜಿನ ಷಟರ್ ಇದ್ದ ಕಡೆ ಗೋಡೆ ಕಟ್ಟಿಸಿ, ಒಳಕ್ಕೆ ತೆರೆಯುವ ಮರದ ಬಾಗಿಲು ಇಡಿಸಿದ್ದಾಯಿತು. ಉಳಿದದ್ದು ನೆಲ. ಅದಕ್ಕೆಂದು ಗಂಡಹೆಂಡಿರು ಹೋಗಿ ತಿಳಿನೀಲಿ ರಬ್ಬರ್ ಟೈಲ್ಸ್ ತಂದರು. ಅಂಟು ಬೇಡ, ಗಾರೆ ಬೇಡ. ಒಂದರ ಅಂಚಿನ ಹಲ್ಲನ್ನು ಇನ್ನೊಂದಕ್ಕೆ ಒತ್ತಿದರೆ ಕಚ್ಚಿ ಕೂರುತ್ತದೆ.

ಬೆಳಿಗ್ಗೆ ಮೊದಲ ಟೈಲು ನೆಲ ಮುಟ್ಟುವ ಮುಂಚೆಯೇ ಎದುರು ಮನೆಯ ಓವರ್‌ಸಿಯರ್ ಹಾಜರು. ಅವರು ನೌಕರಿಯಿಂದ ನಿವೃತ್ತರಾಗಿದ್ದರು, ಮೇಲ್ವಿಚಾರಣೆಯಿಂದ ಆಗಿರಲಿಲ್ಲ.

"ಮಧ್ಯದಿಂದ ಶುರು ಮಾಡಿ ಮಾಸ್ತರೇ. ಇಲ್ದಿದ್ರೆ ಕೊನೆಗೆ ಸೊಟ್ಟ ಬರುತ್ತೆ."

"ಗೋಡೆಯಿಂದಾನೇ ಹಾಕಿ," ಎಂದರು ಹಿಂದೆಯೇ ಬಂದ ಪಕ್ಕದ ಮನೆಯ ನರ್ಸಮ್ಮ. "ನಮ್ಮ ವಾರ್ಡಲ್ಲಿ ಹಾಗೇ ಹಾಕಿದ್ದು. ಮೊದಲು ನೀವು ಬಗ್ಗೋದು ನಿಲ್ಸಿ, ನಿಮ್ಮ ಸೊಂಟ ನೋಡಿದ್ರೆ ನನಗೆ ಭಯ ಆಗುತ್ತೆ."

ಓವರ್‌ಸಿಯರ್ ಮಧ್ಯದಿಂದ ಹೊರಟರು, ನರ್ಸಮ್ಮ ಗೋಡೆಯಿಂದ ಹೊರಟರು. ಎರಡೂ ಕೂಡಿದ ಕಡೆ ಹಲ್ಲಿಗೆ ಹಲ್ಲು ಕೂಡಲಿಲ್ಲ. ಕೂಡಿಸಲೆಂದು ಓವರ್‌ಸಿಯರ್ ಹಾರಿ ತುಳಿದಾಗ ಒಂದು ಟೈಲು ಚಿಮ್ಮಿ ಮಾಸ್ತರ ಮೂಗಿಗೆ ಬಡಿಯಿತು. ಮಾಸ್ತರು ಮೂಗು ಹಿಡಿದುಕೊಂಡು, ಇಬ್ಬರನ್ನೂ ಕಾಫಿಯ ನೆಪದಲ್ಲಿ ಹೆಂಡತಿಯ ಹತ್ತಿರ ಸಾಗಹಾಕಿ, ಬಾಗಿಲು ಮುಚ್ಚಿದರು.

ಆಮೇಲೆ ಎಲ್ಲವನ್ನೂ ಕಿತ್ತು ಹೊಸದಾಗಿ ಹಾಸಿದರು. ಕೆಲಸ ನೀರು ಕುಡಿದಷ್ಟು ಸಲೀಸಾಯಿತು. ಕೊನೆಯ ಟೈಲು ಬಾಗಿಲಿನ ಬುಡದಲ್ಲಿ ಕೂತಾಗ ಬೀಗುತ್ತಾ ಚಿಲಕ ಎಳೆದರು. ಬಾಗಿಲು ಬರಲಿಲ್ಲ. ಟೈಲ್ಸಿನ ದಪ್ಪಕ್ಕೆ ಸಿಕ್ಕಿಕೊಂಡಿತ್ತು.

ಬಿಡಿಸುವುದೇನು ಬ್ರಹ್ಮವಿದ್ಯೆಯಾಗಿರಲಿಲ್ಲ. ಬಾಗಿಲು ತಿರುಗುವ ಜಾಗದ ನಾಲ್ಕಾರು ಟೈಲನ್ನು ಉಗುರು ಹಾಕಿ ಎತ್ತಿದರೆ ಮುಗಿಯಿತು. ಮಾಸ್ತರು ಬಗ್ಗಿದರು. ಬಗ್ಗಿದವರು ಹಾಗೇ ಕೂತರು. ಎಂಥ ನಿಶ್ಶಬ್ದ. ಗವಾಕ್ಷಿಯ ಬಿಸಿಲು ನೀಲಿ ನೆಲದ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಅಂಗಾತ ಮಲಗಿದರು. ದೋಣಿ ಇಲ್ಲದೆಯೇ ತೇಲಿದರು. ದಡ ಹಿಂದೆ ಸರಿಯಿತು, ಟಿಕೆಟ್ ಕೇಳುವವರೆಲ್ಲ ಚುಕ್ಕಿಗಳಾಗಿ ಕರಗಿದರು. ಇಷ್ಟು ಸುಖವನ್ನು ಅವರು ಈ ಬದುಕಿನಲ್ಲಿ ಕಂಡಿರಲಿಲ್ಲ. ಯಾವುದೋ ಹಾಡು ತಾನಾಗಿ ಗಂಟಲಿಗೆ ಬಂತು.

"ಏನ್ರೀ, ಬಾಗಿಲು ತೆಗೀರಿ," ಹೆಂಡತಿಯ ದನಿ.

"ಬರ್ತಾ ಇಲ್ಲ ಕಣೇ. ಸಿಕ್ಕಿಬಿದ್ದಿದೀನಿ," ಎಂದರು ಮಾಸ್ತರು, ಸಾಧ್ಯವಾದಷ್ಟು ಸಂಕಟ ನಟಿಸುತ್ತಾ. "ನಿಧಾನವಾಗಿ ನೋಡೋಣ. ಅವಸರ ಏನಿಲ್ಲ."

ಹೊರಗೆ ಗದ್ದಲವೆದ್ದಿತು. ನರ್ಸಮ್ಮ ಬೀಗದ ತೂತಿನಿಂದ, "ಉಸಿರಾಡ್ತಾ ಇರಿ," ಎಂದು ಸೂಚನೆ ಕೊಟ್ಟರು. ಓವರ್‌ಸಿಯರ್ ಗೋಡೆ ಒಡೆಯೋಣವೆಂದರು. ಮಾಸ್ತರು ಇನ್ನೂ ಸ್ವಲ್ಪ ದೂರ ತೇಲಿದರು.

"ಗೋಡೆ ಬೇಡ, ಬಾಗಿಲು ಒಡೀರಿ," ಎಂದಳು ಹೆಂಡತಿ.

ಮಾಸ್ತರು ಏಳುವಷ್ಟರಲ್ಲಿ ಕೊಡಲಿ ಈಚೆಗೆ ಮೂಗು ತೋರಿಸಿತ್ತು. "ತಡೀರಿ, ನಾನೇ ತೆಗೀತೀನಿ," ಎಂದು ಗೋಗರೆದರೂ ಓವರ್‌ಸಿಯರಿಗೆ ಹುರುಪು ಬಂದುಬಿಟ್ಟಿತ್ತು. ಬಾಗಿಲು ಸೌದೆಯಾಯಿತು.

ಹೆಂಡತಿ ನೆರೆಯವರ ಕಿವಿಯಲ್ಲಿ ಏನೋ ಹೇಳಿ ಮನೆಯೊಳಗೆ ಕಳಿಸಿದಳು. ಆಮೇಲೆ ಬಗ್ಗಿ, ಉಗುರಿನಿಂದ ಒಂದು ಟೈಲು ಎತ್ತಿ, ಮತ್ತೆ ಒತ್ತಿದಳು. ಮಾಸ್ತರ ಮುಖ ಸಪ್ಪಗಾಯಿತು.

"ನಿನಗೆ ಗೊತ್ತಿತ್ತಾ?"

"ಅಂಗಡೀಲೇ ತೋರಿಸಿದ್ರಲ್ಲ."

"ಮತ್ತೆ ಬಾಗಿಲು ಯಾಕೆ ಒಡೆಸಿದೆ?"

"ನೀವು ಹಾಡ್ತಾ ಇದ್ರಿ," ಎಂದಳು. "ಮದುವೆಯಾದ ಮೇಲೆ ನನ್ನೆದುರು ಒಂದು ಸಲವಾದ್ರೂ ಹಾಡಿದೀರಾ? ಅಷ್ಟು ಸುಖದ ಜಾಗ ಅಂದ್ಮೇಲೆ ನನಗೂ ಬೇಕು ಅನ್ನಿಸ್ತು."

ಮಾಸ್ತರ ಎದೆಗೆ ಚುಚ್ಚಿದಂತಾಯಿತು. ಅಷ್ಟರಲ್ಲಿ ಓವರ್‌ಸಿಯರೂ ನರ್ಸಮ್ಮನೂ ಹೆಂಡತಿಯ ಹೊಲಿಗೆ ಯಂತ್ರವನ್ನು ಆ ಕಡೆ ಈ ಕಡೆ ಹಿಡಿದು ಒಳಗೆ ತಂದರು. ಬಾಗಿಲಿಲ್ಲದ್ದರಿಂದ ಅದು ಎಲ್ಲೂ ತಗಲಲಿಲ್ಲ.

"ಇಲ್ಲೇ ಇಡಿ, ಇವರ ಪಕ್ಕ," ಎಂದು ಹೆಂಡತಿ ಸೂಜಿಗೆ ದಾರ ಪೋಣಿಸತೊಡಗಿದಳು. "ಹೂಂ, ಈಗ ಹಾಡಿ."

ಕೇಳಲೆಂದು ಓವರ್‌ಸಿಯರೂ ನರ್ಸಮ್ಮನೂ ನೀಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.