ಬೆಂಗಳೂರಿಗೆ ಎಷ್ಟು ಬುತ್ತಿ?

ಬಸ್ ಸ್ಟ್ಯಾಂಡಿನ ಎದುರಿಗೆ ಖಾನಾವಳಿ ಇಟ್ಟವರ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಆಗುವುದಿಲ್ಲ, ನಗಿಸದೇ ಮುಗಿಯುವುದೂ ಇಲ್ಲ. ಶಹಾಪುರದಲ್ಲಿ ನನ್ನ ಮಗಳ ಮದುವೆ ಆದದ್ದೂ ಹಾಗೆಯೇ.

೧. ಅತ್ತೆಯ ಅಳತೆ

ಕನ್ನಡ ರಾಜ್ಯ ಒಂದಾದ ಹೊಸತು. ಸುರಪುರದ ಹುಡುಗನೊಬ್ಬ ಹೈದರಾಬಾದಿನಲ್ಲಿ ಕಾರಕೂನನಾಗಿದ್ದ. ಕಚೇರಿ ಬೆಂಗಳೂರಿಗೆ ಹೋಯಿತು, ಅದರ ಹಿಂದೆ ಅವನೂ ಹೋದ. ಮಗಳಿಗೆ ಅವನೇ ಆಗಬೇಕೆಂದು ನಾನು ಹಟ ಹಿಡಿದಿದ್ದೆ. ಮಗಳಿಗೂ ಮನಸ್ಸಿತ್ತು. ನಮ್ಮತ್ತೆ ಮಾತ್ರ ಒಪ್ಪಲಿಲ್ಲ. ಅವರಿಗೆ ಮೈಲಿಗಳ ಮೇಲೆ ನಂಬಿಕೆಯಿಲ್ಲ, ದಾರಿಗೆ ಕಟ್ಟುವ ರೊಟ್ಟಿಬುತ್ತಿಯಿಂದಲೇ ದೂರ ಅಳೆಯುವವರು. ಇಲ್ಲೇ ಹತ್ತಿರದ ದೇವಾಪುರಕ್ಕೆ ಬುತ್ತಿ ಬೇಡ, ಹೈದರಾಬಾದು ಒಂದು ಬುತ್ತಿ, ಬೆಂಗಳೂರು ಮೂರು. ಒಂದು ಬುತ್ತಿಯ ಆಚೆಗೆ ಹೆಣ್ಣು ಕೊಡುವುದಿಲ್ಲವೆಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ನಾನು ಬೆಲ್ಲ ಕಟ್ಟಿ ಬಂದ ಪೇಪರಿನಿಂದ ಓದು ಕಲಿತವಳು, ಅಷ್ಟು ಬೇಗ ಸೋಲುತ್ತೇನೆಯೇ? ಹೈದರಾಬಾದಿನಿಂದ ಬೆಂಗಳೂರಿಗೆ ವಿಮಾನ ಎರಡು ತಾಸಿನಲ್ಲಿ ಮುಟ್ಟುತ್ತದೆಂದು ಓದಿದ್ದನ್ನು ಹೇಳಿದೆ. ಅತ್ತೆ ಈ ಕಡೆ ಹೊರಳಿದರು.

"ಅಷ್ಟ್ರಾಗ ಹಸಿವಿ ಆಗ್ತದೇನ?"

"ಆಗಂಗಿಲ್ರಿ ಅತ್ತಿ."

"ಹಂಗಾದ್ರ ದೇವಾಪುರಕ್ಕಿಂತ ಸನೇ ಆತಲ್ಲ. ಕೊಡು ಹುಡುಗಿನ್ನ."

೨. ಪೇಪರಿನವರು ಬರೆಯದೇ ಬಿಟ್ಟದ್ದು

ಆದರೆ ಷರತ್ತು ಹಾಕಿದರು. ವರ ವಿಮಾನದಲ್ಲೇ ಬರಬೇಕು, ಇಲ್ಲದಿದ್ದರೆ ನಾನು ಹೇಳಿದ್ದೆಲ್ಲ ಸುಳ್ಳು, ಮದುವೆಯೂ ಇಲ್ಲ.

ಹುಡುಗ ಒಪ್ಪಿ, ಮದುವೆಯ ಹಿಂದಿನ ದಿನ ಬೆಳಿಗ್ಗೆಯೇ ವಿಮಾನ ಹತ್ತಿದ. ಅವನ ಜೊತೆ ಬರಬೇಕಾದ ಇನ್ನೊಬ್ಬ ಕಾರಕೂನ ವಿಮಾನಕ್ಕೆ ಹೆದರಿ ಅದೇ ದಿನ ಗುಂತಕಲ್ ಮೇಲೆ ಬರುವ ರೈಲು ಹತ್ತಿದ. ವರ ಹೈದರಾಬಾದಿನ ಬೇಗಂಪೇಟೆಯಲ್ಲಿ ಇಳಿದಾಗ ಅವನ ಇಸ್ತ್ರಿ ಕೂಡ ಮುದುಡಿರಲಿಲ್ಲವಂತೆ. ಅಲ್ಲಿಗೆ ಆಕಾಶ ಮುಗಿಯಿತು, ನೆಲ ಶುರುವಾಯಿತು. ನಮ್ಮೂರಿನ ಸ್ಟೇಷನ್ನಾದ ಯಾದಗಿರಿಗೆ ಬರಲು ಅವನೂ ರೈಲನ್ನೇ ಹತ್ತಬೇಕಲ್ಲ! ಹತ್ತಿದ. ವಾಡಿಯಲ್ಲಿ ಗಾಡಿ ಬದಲಿಸಬೇಕು. ಅಲ್ಲಿ ಬಿಸಿ ಚಹಾ ಊದಿ ಊದಿ ಕುಡಿಯುತ್ತ ನಿಂತ. ಕಪ್ಪು ಖಾಲಿಯಾಗುವಷ್ಟರಲ್ಲಿ ಸ್ಟೇಷನ್ನೂ ಖಾಲಿಯಾಗಿತ್ತು.

೩. ಮಣೆಯ ಮೇಲೆ

ಮದುವೆಯ ದಿನ ನಾನು ಒಲೆಯ ಮುಂದಿದ್ದೆ. ಸುರಪುರದ ಬೀಗರು ಇನ್ನೂ ಬಂದಿರಲಿಲ್ಲ. ಅಂಗಳದಲ್ಲಿ ಹೆಂಗಸರ ಹಾಡು ಕೇಳಿಸಿತು. ಓಡಿಹೋಗಿ ನೋಡಿದರೆ, ವರನ ಮುಖವನ್ನೇ ಕಾಣದ ನಮ್ಮತ್ತೆ, ರೈಲಿನಲ್ಲಿ ಬಂದ ಕಾರಕೂನನನ್ನು ಮಣೆಯ ಮೇಲೆ ಕೂರಿಸಿ ಕಿವಿಯ ತನಕ ಅರಿಶಿಣ ಬಳಿಯುತ್ತಿದ್ದಾರೆ. ಮೊದಲು ಬಂದವನೇ ವಿಮಾನದವನೆಂದು ಅವರ ಲೆಕ್ಕ. ಅವನು ಮೈಸೂರು ಕಡೆಯವನು. ಈ ಸೀಮೆಯಲ್ಲಿ ವರನ ಗೆಳೆಯನಿಗೂ ಹಚ್ಚುತ್ತಾರೇನೋ ಎಂದು ಕೈಮುಗಿದು ಕೂತಿದ್ದಾನೆ.

ಅಷ್ಟರಲ್ಲಿ ಯಾದಗಿರಿ ಬಸ್ಸಿನಿಂದ ನಿಜವಾದ ವರ ಇಳಿದ. ತಲೆ, ಮುಖದ ತುಂಬ ರೈಲಿನ ಕರಿಮಸಿ. ಅತ್ತೆ ಮೇಲಿಂದ ಕೆಳಗೆ ನೋಡಿದರು.

"ರೈಲಿನಾಗ ಬಂದೀಯೇನಪಾ? ಅಲ್ಲೇ ಕುಂದರು. ವಿಮಾನದಾಗ ಬಂದವಂದು ಮೊದ್ಲ ಮುಗೀಲಿ."

ವಿಮಾನ ಹತ್ತಿದ ವರ ಇವನೇ, ಮಣೆಯ ಮೇಲಿನವನು ರೈಲಿನವನೆಂದು ನಾನು ಇದ್ದದ್ದು ಹೇಳಿದೆ. ಹಾಡು ನಿಂತಿತು. ಬಾಗಿಲ ಸಂದಿಯಿಂದ ಮಗಳು ಇಣುಕಿದಳು. ಅತ್ತೆ ಹಳದಿ ಮುಖ ನೋಡಿದರು, ಕರಿ ಮುಖ ನೋಡಿದರು. ಆಮೇಲೆ ಹಳದಿ ಗಲ್ಲದ ಅರಿಶಿಣ ಬಳಿದುಕೊಂಡು ಕರಿ ಗಲ್ಲಕ್ಕೆ ಹಚ್ಚಿ, ಮೊಮ್ಮಗಳನ್ನು ಕರೆದು ಬುದ್ಧಿ ಹೇಳಿದರು:

"ಯವ್ವಾ, ನೀ ರೈಲಿನಾಗ ಮುಂದ ಹೋಗಿ ಮನಿ ಸಾರಿಸಿ, ಅಡಗಿ ಮಾಡಿಡು. ಇವ ವಿಮಾನದಾಗ ಹಿಂದಿಂದ ನಿಧಾನಕ ಬರ್ಲಿ."