ಪೈಲ್ವಾನನ ಕಡಗ ಯಾವ ಕೈಯಲ್ಲಿತ್ತು?

ನೆನಪು ಎಂಬುದನ್ನು ನಾನು ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ತತ್ತ್ವಶಾಸ್ತ್ರ ಓದಿದ್ದರಿಂದ ನನಗಾದ ಒಟ್ಟು ಲಾಭ ಇಷ್ಟೇ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ಅನುಮಾನಕ್ಕೆ ಹೆಬ್ಬಾಳದ ಮೇಲ್ಸೇತುವೆಯಿಂದ ಯಲಹಂಕಕ್ಕೆ ವಾಪಸು ಬಂದವನು ನಾನು. ಬಂದ ಮೇಲೆ ಬೀಗದ ಕೈ ಎಲ್ಲಿಟ್ಟೆನೆಂದು ತಿಳಿಯದೆ ನನ್ನದೇ ಮನೆಯ ಮೆಟ್ಟಿಲ ಮೇಲೆ ಕೂತವನೂ ನಾನೇ. ಕಾಲೇಜಿನಲ್ಲಿ ತರ್ಕಶಾಸ್ತ್ರ ಹೇಳಿಕೊಡುವಾಗ, "ನೆನಪು ಸಾಕ್ಷಿಯಲ್ಲ, ನಮ್ಮ ಪರವಾಗಿ ವಾದಿಸುವ ವಕೀಲ" ಎಂದು ಹೇಳುತ್ತೇನೆ. ಅದನ್ನು ಅದೇ ತರಗತಿಗೆ ಹಿಂದಿನ ವಾರವೂ ಹೇಳಿದ್ದೆನಂತೆ. ಇಷ್ಟೆಲ್ಲ ಅನುಮಾನಗಳ ನಡುವೆ ಒಂದೇ ಒಂದು ನೆನಪನ್ನು ಮಾತ್ರ ದೇವರ ಪಟದ ಹಾಗೆ ಒರೆಸಿ ಇಟ್ಟುಕೊಂಡಿದ್ದೆ: ಆರ್.ಟಿ. ನಗರದ ಬಾಷಾ ಭಾಯ್ ಸೈಕಲ್ ಅಂಗಡಿಯ ಪೈಲ್ವಾನ್ ಗೇಮಿನಲ್ಲಿ ನನ್ನನ್ನು ಸೋಲಿಸುವವರೇ ಇರಲಿಲ್ಲ.

ನಾವು ಪಿಯುಸಿ ಓದುತ್ತಿದ್ದ ಕಾಲ ಅದು. ಪಂಕ್ಚರ್ ನೋಡುವ ನೀರಿನ ತೊಟ್ಟಿಯ ಪಕ್ಕದಲ್ಲಿ ಬೀರುವಿನಷ್ಟು ಎತ್ತರದ ಆಟದ ಯಂತ್ರವೊಂದಿತ್ತು. ಬಿಲ್ಲೆ ಹಾಕಿದರೆ ಪರದೆಯ ಮೇಲೆ ಇಬ್ಬರು ಎದುರುಬದುರು ನಿಂತು ಹೊಡೆದಾಡುತ್ತಿದ್ದರು. ಯಂತ್ರದ ಮೇಲಿನ ಹೆಸರು ಉಜ್ಜಿಹೋಗಿದ್ದರಿಂದ ಇವತ್ತು ಇಂಟರ್‌ನೆಟ್ಟಿನಲ್ಲಿ ಏನೆಂದು ಹುಡುಕಬೇಕೋ ಯಾರಿಗೂ ತಿಳಿಯದು. ನನ್ನ ಜೊತೆ ಆಡುತ್ತಿದ್ದ ಇಮ್ತಿಯಾಜ್ ಈಗ ಅಲ್ಲೇ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಪ್ರೋಗ್ರಾಮ್ ಬರೆಯುವುದನ್ನು ಕಲಿತವನು, "ಮಗಾ, ಆ ಗೇಮನ್ನ ನಾವೇ ಇನ್ನೊಂದ್ ಸಲ ಮಾಡೋಣ. ಬೊಂಬೆ ನೀನ್ ಬರಿ, ಆಡ್ಸೋದು ನಂಗ್ಬಿಡು" ಎಂದ. ಇಬ್ಬರೂ ಸೇರಿ ಒಂದು ಷರತ್ತು ಹಾಕಿಕೊಂಡೆವು. ಅಂಗಡಿಯ ಚಾಂಪಿಯನ್ ಆಗಿದ್ದವನ ಮುಖ ಕೊನೆಯ ಸುತ್ತಿನಲ್ಲಿ ಬರುವ ಮಹಾಮಲ್ಲನಿಗೆ. ಸೋಲುತ್ತಿದ್ದವನ ಮುಖ ಮೊದಲ ಸುತ್ತಿನಲ್ಲೇ ಎರಡು ಏಟಿಗೆ ಅಂಗಾತ ಬೀಳುವ ಬಡಪಾಯಿಗೆ. ಚಾಂಪಿಯನ್ ನಾನೇ ಎಂದು ನಾನಂದೆ. ತಾನೇ ಎಂದು ಅವನಂದ. ನಾನು ತೀರ್ಪಿಗೆ ಕಾಯದೆ ಬಡಪಾಯಿಗೆ ಇಮ್ತಿಯಾಜನ ಮುಖವನ್ನು ಕೂರಿಸಿಬಿಟ್ಟೆ. ಬೀಳುವುದಕ್ಕೆ ಮೂರು ಚಿತ್ರ ಸಾಕಿತ್ತು. ಪ್ರೀತಿಯಿಂದ ಆರು ಬರೆದೆ.

ಬೊಂಬೆ ಬರೆಯುವುದು ಸಲೀಸು ಎಂದುಕೊಂಡವರು ಒಮ್ಮೆ ಬರೆದು ನೋಡಬೇಕು. ಎಲ್ಲವೂ ಚೌಕುಳಿ ಕಾಗದದ ಮನೆಗಳಂಥ ಪುಟ್ಟ ಚೌಕಗಳು. ಒಂದೊಂದಕ್ಕೆ ಒಂದೊಂದು ಬಣ್ಣ. ಒಂದು ಗುದ್ದಿಗೆ ಐದು ಚಿತ್ರ. ಪೈಲ್ವಾನನ ಮೀಸೆಗೆ ನನ್ನ ಪಾಲಿಗೆ ಬಂದದ್ದು ನಾಲ್ಕು ಚೌಕ. ಅದರಲ್ಲೊಂದು ಮೇಲಕ್ಕೆ ಸರಿದರೆ ವೀರನಿಗೆ ನೆಗಡಿಯಾದಂತೆ ಕಾಣುತ್ತದೆ. ನನ್ನ ಹೆಂಡತಿ ಸವಿತಾ ಬೆನ್ನ ಹಿಂದೆ ನಿಂತು ನೋಡಿ, "ರೀ, ಇದೇನು ಕ್ರಾಸ್ ಸ್ಟಿಚ್ಚಾ? ದಿಂಬಿನ ಕವರಿಗೆ ಚೆನ್ನಾಗಿರುತ್ತೆ" ಎಂದಳು. ಪೈಲ್ವಾನ ಹದಿನೈದು ದಿನ ತೆಗೆದುಕೊಂಡ. ಕೊನೆಗೆ ಅವನ ಎಡಗೈಗೆ ಎರಡು ಚೌಕದ ತಾಮ್ರದ ಕಡಗ ತೊಡಿಸಿ, ಕೈಕಟ್ಟಿ ಎದುರಿಗೆ ನಿಂತ ಚಿತ್ರವೊಂದನ್ನು ಇಮ್ತಿಯಾಜನಿಗೆ ಕಳಿಸಿದೆ.

ಐದೇ ನಿಮಿಷಕ್ಕೆ ಫೋನು. "ಲೋ, ಕಡಗ ಬಲಗೈಲಿ ಇತ್ತು ಕಣೋ!"

"ಎಡಗೈ."

"ಬಲಗೈ. ನನ್ನ ಅಂಗಡಿ ಮೇಲಾಣೆ."

ನಾವಿಬ್ಬರೂ ಆರಿಸಿಕೊಳ್ಳುತ್ತಿದ್ದದ್ದು ಒಬ್ಬನೇ ಪೈಲ್ವಾನನನ್ನು. ಚಡ್ಡಿಯ ಬಣ್ಣವಷ್ಟೇ ಬೇರೆ. ಆಡುವಾಗ ಯಾರ ಕಣ್ಣೂ ತನ್ನ ಪೈಲ್ವಾನನನ್ನು ಬಿಟ್ಟು ಕದಲುತ್ತಿರಲಿಲ್ಲ. ಅಂಥ ಕಡಗವನ್ನು ಮರೆಯುವುದುಂಟೇ? ವಾರವಿಡೀ ಜಗಳವಾಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅನುಮಾನವೇ ಇಲ್ಲದ ಮನುಷ್ಯನಾಗಿದ್ದೆ. ಅದರ ಸುಖವೇ ಬೇರೆ. "ಕಡಗ ಎಡಗೈಲೇ ಇತ್ತು. ಅದು ಸುಳ್ಳಾದರೆ ನನ್ನ ನೆನಪು ಅಂತ ಇರೋದೆಲ್ಲ ಸುಳ್ಳು" ಎಂದು ಧ್ವನಿಸಂದೇಶ ಬೇರೆ ಕಳಿಸಿದೆ. ತರ್ಕಶಾಸ್ತ್ರದ ಮೇಷ್ಟ್ರುಗಳು ಇಂಥದ್ದನ್ನು ಫೋನಿನಲ್ಲಿ ಹೇಳಬಾರದು.

ಭಾನುವಾರ ಬೆಳಿಗ್ಗೆ ಇಮ್ತಿಯಾಜನ ಅಂಗಡಿಯಲ್ಲಿ ಆಟದ ಮೊದಲ ಪರೀಕ್ಷೆ. ತೀರ್ಪು ಹೇಳಲು ಬಾಷಾ ಭಾಯ್ ಅವರನ್ನೇ ಕರೆಸಿದ್ದ. ಸೈಕಲ್ ಅಂಗಡಿ ಮುಚ್ಚಿ ಎಷ್ಟೋ ಕಾಲವಾದರೂ ಅವರ ಉಗುರಿನ ಸಂದಿಯಲ್ಲಿ ಗ್ರೀಸು ಹಾಗೇ ಇತ್ತು. ಆಟ ಶುರುವಾಯಿತು. ಪರದೆಯ ಎಡಗಡೆ ನನ್ನ ಪೈಲ್ವಾನ, ಬಲಗಡೆ ಇನ್ನೊಬ್ಬ ಅಂಥವನೇ. ನಾನು ಅಡ್ಡವಾಗಿ ನಿಂತ ಚಿತ್ರಗಳನ್ನು ಒಂದು ದಿಕ್ಕಿಗೆ ಮಾತ್ರ ಬರೆದುಕೊಟ್ಟಿದ್ದೆ. ಇನ್ನೊಂದು ದಿಕ್ಕಿಗೆ ಪ್ರೋಗ್ರಾಮೇ ಕನ್ನಡಿಯ ಹಾಗೆ ಮಗುಚಿ ತೋರಿಸುತ್ತದೆ. ಹಳೆಯ ಆಟಗಳಲ್ಲೂ ಮಾಡುತ್ತಿದ್ದದ್ದು ಅದನ್ನೇ. ನಾವು ಮೂವರೂ ಬಗ್ಗಿ ನೋಡಿದೆವು. ಎಡಗಡೆ ನಿಂತವನ ಕಡಗ ಬಲಗೈಯಲ್ಲಿತ್ತು. ಬಲಗಡೆ ನಿಂತವನ ಕಡಗ ಎಡಗೈಯಲ್ಲಿತ್ತು.

"ಅಂದ್ರೆ ಇಬ್ರು ಹೇಳಿದ್ದೂ ಸರಿ!" ಎಂದು ನಾನು ಉದಾರವಾಗಿ ಇಮ್ತಿಯಾಜನ ಕೈ ಕುಲುಕಿದೆ. "ನೀನು ಎಡಗಡೆ ನಿಂತು ಆಡ್ತಿದ್ದೆ, ನಾನು ಬಲಗಡೆ. ಅಷ್ಟೇ ವಿಷಯ."

ಬಾಷಾ ಭಾಯ್ ಕನ್ನಡಕ ತೆಗೆದು ಒರೆಸಿದರು. "ಅರೆ ಮೇಷ್ಟ್ರೇ, ನಮ್ ಅಂಗಡೀಲಿ ಸುಮ್ನೆ ಎಲ್ಲಿ ಬೇಕಂದ್ರೆ ಅಲ್ಲಿ ನಿಲ್ಲೋಕ್ ಬಿಡ್ತಿದ್ನಾ ನಾನು? ಬಲಗಡೆ ಬಾಗ್ಲು. ಸೋತೋನು ಹಂಗೇ ಆಚೆ ಹೋಗ್ಬೇಕು, ಮುಂದಿನೋನು ಬಿಲ್ಲೆ ಹಾಕಿ ಅದೇ ಜಾಗಕ್ಕೆ ಬರ್ಬೇಕು. ಗೆದ್ದೋನು ಎಡಗಡೆ, ಅವ್ನು ಸೋತ್ರೆ ಮಾತ್ರ ಜಾಗ ಬದ್ಲು. ಗೆಲ್ತಾ ಇರೋ ತನ್ಕ ಅವ್ನು ಎಡಗಡೆ ಬಿಟ್ಟು ಅಲ್ಲಾಡಂಗಿಲ್ಲ."

ಇಮ್ತಿಯಾಜ್ ನಗಲಿಲ್ಲ, ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಕನ್ನಡಕದ ಫ್ರೇಮುಗಳನ್ನು ಒಂದೊಂದಾಗಿ ಸರಿಮಾಡುತ್ತ ನಿಂತ.

"ನೆಗೆದು ಆ ಕಡೆ ಈ ಕಡೆ ಹೋಗ್ತಿದ್ವಲ್ಲಪ್ಪ, ಆಗಲೂ ಕೈ ಬದಲಾಗ್ತಿತ್ತು" ಎಂದೆ.

"ನೀನು ನೆಗೆಯೋಷ್ಟ್ರಲ್ಲಿ ಆಟ ಮುಗ್ದಿರ್ತಿತ್ತು ಮಗಾ."

"ಹಾಗಾದರೆ ಕಡಗದ ವಿಷಯದಲ್ಲೇ ನಂಗೆ ಮರೆವಾಗಿರಬಹುದು. ನೆನಪನ್ನು ನಂಬಬಾರದು, ಇದನ್ನ ನಾನೇ ಪಾಠ ಮಾಡ್ತೀನಿ."

ಅವನು ಮೊಬೈಲು ತೆಗೆದು ನನ್ನದೇ ಧ್ವನಿಸಂದೇಶವನ್ನು ಹಾಕಿದ. ಕಡಗ ಸುಳ್ಳಾದರೆ ನೆನಪೆಲ್ಲ ಸುಳ್ಳು ಎಂದು ನಾನು ಗಟ್ಟಿಯಾಗಿ ಸಾರುತ್ತಿದ್ದೆ. ನೆನಪೆಲ್ಲ ಸುಳ್ಳಾದರೆ ಚಾಂಪಿಯನ್‌ಗಿರಿಯೂ ಅದರೊಳಗೇ ಹೋಯಿತು. ಕಡಗ ನಿಜವಾದರೆ ನಾನು ಬಾಗಿಲ ಪಕ್ಕದವನು. ಪರೀಕ್ಷೆಯಲ್ಲಿ ಉಭಯಸಂಕಟದ, ಅಂದರೆ ಎರಡು ಕಡೆಯೂ ಇರಿಯುವ ಕೊಂಬುಗಳ, ವಾದಕ್ಕೆ ಉದಾಹರಣೆ ಕೊಡಿ ಎಂದು ಕೇಳಿ ಎಷ್ಟು ಜನರ ಅಂಕ ಕಳೆದಿದ್ದೇನೋ! ಬಾಷಾ ಭಾಯ್ ಸಮಾಧಾನಕ್ಕೆಂದು, "ಬಿಡಿ ಮೇಷ್ಟ್ರೇ, ದಿನಾ ಬಂದು ಆಡ್ತಿದ್ರಲ್ಲ, ಅದು ದೊಡ್ಡದು" ಎಂದರು. ಅದಕ್ಕಿಂತ ದೊಡ್ಡ ಏಟು ಆ ಯಂತ್ರದಲ್ಲೂ ಇರಲಿಲ್ಲ.

ಮನೆಗೆ ಬಂದು, ಬಡಪಾಯಿ ಬೀಳುವ ಆರು ಚಿತ್ರಗಳನ್ನು ತೆರೆದು, ಷರತ್ತಿನಂತೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕಲ್ಲ ಎಂದು ನಿಟ್ಟುಸಿರು ಬಿಟ್ಟೆ. ಸವಿತಾ ಕಾಫಿ ತಂದಿಟ್ಟು ಇಣುಕಿದಳು. ಬೀಳುವ ಭಂಗಿ ಸರಿಯಾಗಿ ಬರಲೆಂದು ಅವತ್ತು ನಾನು ಹಾಸಿಗೆಯ ಮೇಲೆ ಆರು ಸಲ ದಬದಬ ಬಿದ್ದದ್ದನ್ನು ಫೋಟೊ ತೆಗೆದವಳು ಅವಳೇ.

"ಎಲ್ಲ ಯಾಕ್ರೀ ಬರೀಬೇಕು?" ಎಂದಳು. "ತಲೆ ಒಂದು ಬದಲಾಯಿಸಿ ಸಾಕು. ಅಲ್ಲಿ ಬಿದ್ದಿರೋದು ಮೊದಲಿಂದಲೂ ನೀವೇ."